ನಾಲ್ಕೂ ಕಾಲು ಗಾಳಿಯಲ್ಲಿ!

ಬಿ.ಇ. ಓದುತ್ತಲೇ ಹಳೆಯ ರೀಲ್ ಕ್ಯಾಮೆರಾದಲ್ಲಿ ಸ್ಕೇಟ್‌ಬೋರ್ಡಿಂಗ್ ಫೋಟೊ ತೆಗೆಯುವುದನ್ನು ಕಲಿಯುತ್ತಿದ್ದೇನೆ. ಒಂದು ರೋಲ್‌ಗೆ 36 ಫೋಟೊ, ಒಂದೊಂದು ಕ್ಲಿಕ್ಕಿಗೂ ದುಡ್ಡು. ಹಲಗೆಯ ಬಾಲವನ್ನು ನೆಲಕ್ಕೆ ಬಡಿದು, ಹಲಗೆಯ ಸಮೇತ ಮೇಲಕ್ಕೆ ಹಾರುವ ‘ಆಲಿ’ ಕ್ಷಣಾರ್ಧದಲ್ಲಿ ಮುಗಿದುಹೋಗುತ್ತದೆ. ಚಿತ್ರ ಸಿಕ್ಕಿತೋ ಇಲ್ಲವೋ ತಿಳಿಯುವುದು ರೀಲ್ ತೊಳೆಸಿದ ಮೇಲೆಯೇ. ಈ ಕಲಿಕೆಯಲ್ಲಿ ನಾನು ಗುರುವೆಂದು ಆರಿಸಿಕೊಂಡದ್ದು 1904ರಲ್ಲಿ ತೀರಿಕೊಂಡ ಎಡ್ವರ್ಡ್ ಮೈಬ್ರಿಡ್ಜ್‌ನನ್ನು.

ಇಂಗ್ಲೆಂಡಿನ ಕಿಂಗ್‌ಸ್ಟನ್‌ನಲ್ಲಿ 1830ರಲ್ಲಿ ಹುಟ್ಟಿದ ಈತ ಯೌವನದಲ್ಲೇ ಅಮೆರಿಕ ಸೇರಿ, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಪುಸ್ತಕ ಮಾರುತ್ತಿದ್ದ. 1860ರಲ್ಲಿ ಕುದುರೆಗಾಡಿ ಅಪಘಾತದಲ್ಲಿ ತಲೆಗೆ ಭಾರಿ ಪೆಟ್ಟಾಯಿತು. ಚೇತರಿಸಿಕೊಂಡ ನಂತರ ಹಿಡಿದದ್ದು ಕ್ಯಾಮೆರಾ. ಯೊಸೆಮಿಟಿ ಕಣಿವೆಯ ಚಿತ್ರಗಳು ಹೆಸರು ತಂದುಕೊಟ್ಟವು.

ಕ್ಯಾಲಿಫೋರ್ನಿಯಾದ ಮಾಜಿ ಗವರ್ನರ್, ರೈಲ್ವೆ ಉದ್ಯಮಿ ಲೀಲೆಂಡ್ ಸ್ಟ್ಯಾನ್‌ಫರ್ಡ್‌ಗೆ ಒಂದು ಕುತೂಹಲವಿತ್ತು. ಓಡುವ ಕುದುರೆಯ ನಾಲ್ಕೂ ಕಾಲು ಒಮ್ಮೆಯಾದರೂ ನೆಲ ಬಿಡುತ್ತವೆಯೇ? ಬರಿಗಣ್ಣಿಗೆ ಅದು ಕಾಣದು. ಉತ್ತರ ಹುಡುಕುವ ಕೆಲಸ ಮೈಬ್ರಿಡ್ಜ್‌ಗೆ ಬಂತು. 1878ರ ಜೂನ್‌ನಲ್ಲಿ ಪಾಲೊ ಆಲ್ಟೊದ ಓಟದ ಹಾದಿಯ ಪಕ್ಕ 12 ಕ್ಯಾಮೆರಾಗಳನ್ನು ಸಾಲಾಗಿ ನಿಲ್ಲಿಸಿದ. ಹಾದಿಗೆ ಅಡ್ಡಲಾಗಿ ಕಟ್ಟಿದ ದಾರಗಳಿಗೆ ಕುದುರೆ ತಾಕಿದಂತೆ ಒಂದೊಂದೇ ಶಟರ್ ವಿದ್ಯುತ್ತಿನಿಂದ ಬಿಡುಗಡೆಯಾಗುತ್ತಿತ್ತು. ಈ ಏರ್ಪಾಟಿಗೆ ನೆರವಾದವನು ಜಾನ್ ಐಸಾಕ್ಸ್ ಎಂಬ ರೈಲ್ವೆ ಎಂಜಿನಿಯರ್.

ನಾಲ್ಕೂ ಕಾಲು ಗಾಳಿಯಲ್ಲಿದ್ದವು! ಆದರೆ ಚಿತ್ರಕಾರರು ಬರೆಯುತ್ತಿದ್ದಂತೆ ಹಿಂದೆ ಮುಂದೆ ಚಾಚಿದಾಗಲ್ಲ, ಹೊಟ್ಟೆಯಡಿ ಮಡಚಿಕೊಂಡಾಗ.

ಮೈಬ್ರಿಡ್ಜ್ ಕುದುರೆಯ ಬೆನ್ನು ಹತ್ತಲಿಲ್ಲ. ಎಲ್ಲ ಸಿದ್ಧಮಾಡಿಟ್ಟು ಅದು ಬರುವುದನ್ನು ಕಾದ. ನಾನೂ ಈಗ ಹಾಗೆಯೇ ಮಾಡುತ್ತೇನೆ. ಹುಡುಗ ಹಾರುವ ಜಾಗಕ್ಕೆ ಮೊದಲೇ ಫೋಕಸ್ ಮಾಡಿ, ಶಟರ್ 1/500 ಸೆಕೆಂಡಿಗೆ ಇಟ್ಟು, ನೆಲಕ್ಕೆ ಕೂತು ಕಾಯುತ್ತೇನೆ. ಪಿಯುಸಿಯಲ್ಲಿ ಓದಿದ ಭೌತಶಾಸ್ತ್ರ ನೆನಪಿದೆಯಲ್ಲ? ಹಾರಿದವನು ತುತ್ತತುದಿ ಮುಟ್ಟಿದಾಗ ಮೇಲ್ಮುಖ ವೇಗ ಸೊನ್ನೆ. ಹಲಗೆ ಪಾದದಡಿ ಸಮನಾಗಿ ನಿಂತಂತೆ ಕಾಣುವ ಕ್ಷಣ ಅದೇ. ಕಣ್ಣಿಗೆ ಕಂಡ ಮೇಲೆ ಒತ್ತಿದರೆ ತಡವಾಗಿರುತ್ತದೆ. ಬಾಲ ನೆಲಕ್ಕೆ ಬಡಿದ ಸದ್ದೇ ನನಗೆ ದಾರ.

ಗುರುವೆಂದು ಎಲ್ಲವನ್ನೂ ಒಪ್ಪಲಾಗದು. 1874ರಲ್ಲಿ ಹೆಂಡತಿಯ ಪ್ರಿಯಕರನನ್ನು ಮೈಬ್ರಿಡ್ಜ್ ಗುಂಡಿಕ್ಕಿ ಕೊಂದ. ಮರುವರ್ಷ ಜ್ಯೂರಿ ಬಿಡುಗಡೆ ಮಾಡಿದರೂ ಒಂದು ಜೀವ ಹೋದದ್ದು ಹೋದದ್ದೇ. ಕೌಶಲವನ್ನು ಕಲಿಯುತ್ತೇನೆ, ಮನುಷ್ಯನನ್ನು ಪೂಜಿಸುವುದಿಲ್ಲ.

ಮುಂದೆ ಅವನಿಗೂ ಅನ್ಯಾಯವಾಯಿತು. 1882ರಲ್ಲಿ ಸ್ಟ್ಯಾನ್‌ಫರ್ಡ್ ಪ್ರಕಟಿಸಿದ ಕುದುರೆಯ ಪುಸ್ತಕದಲ್ಲಿ ಅವನ ಫೋಟೊಗಳ ಆಧಾರದ ಚಿತ್ರಗಳಿದ್ದವು, ಮುಖಪುಟದಲ್ಲಿ ಅವನ ಹೆಸರಿರಲಿಲ್ಲ. ದಾವೆ ಹೂಡಿ ಸೋತ. ಆದರೂ ಕೈಕಟ್ಟಿ ಕೂರಲಿಲ್ಲ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ದುಡಿದು, 1887ರಲ್ಲಿ ಪ್ರಾಣಿಗಳ, ಮನುಷ್ಯರ ಚಲನೆಯ 781 ಚಿತ್ರಫಲಕಗಳನ್ನು ಹೊರತಂದ.

1878ರ ಆ ಚಿತ್ರದ ಕೆಳಗೆ ಓಡಿದ ಕುದುರೆಯ ಹೆಸರೂ ಅಚ್ಚಾಗಿದೆ: ಸ್ಯಾಲಿ ಗಾರ್ಡ್‌ನರ್. ಅದನ್ನು ನೋಡಿದ ಮೇಲೆ, ನನ್ನ ಪ್ರತಿ ಪ್ರಿಂಟಿನ ಹಿಂದೆ ಹಾರಿದವರ ಹೆಸರನ್ನು ಮೊದಲು ಬರೆಯುತ್ತೇನೆ. ನನ್ನ ಹೆಸರು ಅದರ ಕೆಳಗೆ.