ಕಾಯಕನಿಷ್ಠ ನುಲಿಯ ಚಂದಯ್ಯನವರು

ದುಡಿಮೆ ಹೊಟ್ಟೆಗಾಗಿ, ದಾನ ಪುಣ್ಯಕ್ಕಾಗಿ, ಪೂಜೆ ಮೋಕ್ಷಕ್ಕಾಗಿ ಎಂದು ಲೋಕದ ಜನರು ಈ ಮೂರನ್ನೂ ಬೇರ್ಪಡಿಸಿ ನಡೆಯುವುದುಂಟು. ಹನ್ನೆರಡನೆಯ ಶತಮಾನದ ಶಿವಶರಣರು ಈ ಭೇದವನ್ನು ಒಪ್ಪಲಿಲ್ಲ. ಕಾಯಕ, ದಾಸೋಹ, ಲಿಂಗಪೂಜೆಗಳು ಒಂದೇ ಹುರಿಯ ಮೂರು ಎಳೆಗಳೆಂಬುದನ್ನು ತಮ್ಮ ಬಾಳಿನಿಂದಲೇ ತೋರಿಸಿದವರಲ್ಲಿ ನುಲಿಯ ಚಂದಯ್ಯನವರು ಅಗ್ರಗಣ್ಯರು.

ಚಂದಯ್ಯನವರು ಈಗಿನ ವಿಜಯಪುರ ಜಿಲ್ಲೆಯ ಶಿವಣಗಿಯವರೆಂದು ಪರಂಪರೆಯು ಹೇಳುತ್ತದೆ. ಅವರು ಬಸವಣ್ಣನವರ ಕೀರ್ತಿಯನ್ನು ಕೇಳಿ ಕಲ್ಯಾಣಕ್ಕೆ ಬಂದು ನೆಲೆಸಿದರು. ಕೆರೆಯ ಅಂಚಿನಲ್ಲಿ ಬೆಳೆದ ಹುಲ್ಲನ್ನು ಕೊಯ್ದು ತಂದು, ಹುರಿ ಹಗ್ಗ ಕಣ್ಣಿಗಳನ್ನು ಹೊಸೆದು ಮಾರುವುದು ಅವರ ಕಾಯಕ. ನುಲಿಯೆಂಬುದು ಆ ಕಾಯಕದಿಂದಲೇ ಬಂದ ಹೆಸರು. ಬಂದ ಹಣದಲ್ಲಿ ಜಂಗಮ ದಾಸೋಹವನ್ನು ನಡೆಸಿ, ಉಳಿದ ಪ್ರಸಾದದಲ್ಲಿ ತೃಪ್ತರಾಗಿರುತ್ತಿದ್ದರು. ಚಂದೇಶ್ವರಲಿಂಗ ಎಂಬ ಅಂಕಿತದಲ್ಲಿ ಅವರ 48 ವಚನಗಳು ದೊರೆತಿವೆ.

ಅವರ ನಿಷ್ಠೆಯನ್ನು ಬೆಳಗುವ ಪ್ರಸಂಗವೊಂದನ್ನು ಗೂಳೂರು ಸಿದ್ಧವೀರಣ್ಣೊಡೆಯರು ಶೂನ್ಯಸಂಪಾದನೆಯಲ್ಲಿ ಸಂಕಲಿಸಿದ್ದಾರೆ. ಒಂದು ದಿನ ಚಂದಯ್ಯನವರು ಹುಲ್ಲು ಕೊಯ್ಯುತ್ತಿರುವಾಗ ಇಷ್ಟಲಿಂಗವು ಕಳಚಿ ನೀರಿಗೆ ಬಿದ್ದಿತು. ಅವರು ಕೈಯ ಕೆಲಸವನ್ನು ನಿಲ್ಲಿಸದೆ ಹುಲ್ಲಿನ ಹೊರೆಯನ್ನು ಹೊತ್ತು ಹೊರಟರು. ಲಿಂಗದೇವನೇ ಬೆನ್ನಟ್ಟಿ ಬಂದು ತನ್ನನ್ನು ಧರಿಸೆಂದು ಬೇಡಿಕೊಂಡರೂ ಅವರು ಮಣಿಯಲಿಲ್ಲ. ಕೊನೆಗೆ ಮಡಿವಾಳ ಮಾಚಿದೇವರು ನಡುವೆ ನಿಂತು ತಿಳಿಹೇಳಲು, ಲಿಂಗವೂ ಕಾಯಕದಲ್ಲಿ ಪಾಲ್ಗೊಳ್ಳಬೇಕೆಂಬ ನಿಬಂಧನೆಯ ಮೇಲೆ ಮತ್ತೆ ಧರಿಸಿಕೊಂಡರು. ಹಗ್ಗ ಹೊಸೆಯುವುದು ಚಂದಯ್ಯನವರ ಪಾಲಿಗೆ, ಮಾರಿ ಬರುವುದು ಲಿಂಗದ ಪಾಲಿಗೆ ಬಂದಿತು.

ಲಿಂಗದೇವನು ಹಗ್ಗವನ್ನು ಬಸವಣ್ಣನವರಲ್ಲಿಗೆ ಒಯ್ದನು. ಅವರು ಭಕ್ತಿಯಿಂದ ಅದರ ಬೆಲೆಗೆ ಎಷ್ಟೋ ಮೀರಿದ ಹೊನ್ನನ್ನು ಕೊಟ್ಟರು. ಚಂದಯ್ಯನವರು ಅದನ್ನು ಒಪ್ಪಲಿಲ್ಲ. ಹಗ್ಗಕ್ಕೆ ಸಲ್ಲುವ ಬೆಲೆಯಷ್ಟೇ ತಮ್ಮದು, ಮಿಕ್ಕದ್ದು ತಮ್ಮದಲ್ಲವೆಂಬುದು ಅವರ ನಿಲುವು.

ವಾಚಕರು ಇಲ್ಲಿ ತುಸು ನಿಂತು ಯೋಚಿಸಬೇಕು. ಕೊಟ್ಟವರು ಬಸವಣ್ಣನವರು; ತಂದವನು ಲಿಂಗದೇವನು; ವೆಚ್ಚವಾಗುವುದು ದಾಸೋಹಕ್ಕೆ. ಹೆಚ್ಚು ಹಣ ಬಂದರೆ ಹೆಚ್ಚು ಜನರಿಗೆ ಅನ್ನವಿಕ್ಕಬಹುದಲ್ಲ ಎಂದು ನಮ್ಮ ಮನಸ್ಸು ಕೂಡಲೇ ಸಮಾಧಾನ ಹೇಳಿಕೊಳ್ಳುತ್ತದೆ. ಚಂದಯ್ಯನವರು ಆ ಸಮಾಧಾನಕ್ಕೆ ಎಡೆಗೊಡಲಿಲ್ಲ. ಇತರರನ್ನು ನೋಯಿಸಿ, ಕಂಡವರಲ್ಲಿ ಬೇಡಿ ತಂದ ದ್ರವ್ಯದಿಂದ ಮಾಡುವ ದಾಸೋಹವು ಲಿಂಗಕ್ಕೆ ಸಲ್ಲದೆಂಬುದೇ ಅವರ ವಚನಗಳ ಆಶಯ. ದಾನವು ದೊಡ್ಡದೆಂಬ ಕಾರಣದಿಂದ ಗಳಿಕೆಯು ಶುದ್ಧವಾಗದು. ಗಳಿಕೆಯು ಶುದ್ಧವಾಗಿದ್ದರೆ ಹಿಡಿಯಕ್ಕಿಯ ದಾನವೂ ದೊಡ್ಡದೇ. ಗುರುವಾಗಲಿ ಜಂಗಮನಾಗಲಿ ಕಾಯಕದಿಂದ ಹೊರತಾಗಿಲ್ಲವೆಂದು ಸಾರಿದ ಧೀರರು ಅವರು.

ಕಲ್ಯಾಣದಲ್ಲಿ ವಿಪ್ಲವವುಂಟಾಗಿ ಶರಣರು ಚದುರಿದಾಗ ಚಂದಯ್ಯನವರು ಚೆನ್ನಬಸವಣ್ಣನವರೊಡನೆ ಉಳವಿಯತ್ತ ತೆರಳಿದರೆಂದೂ, ಕಡೆಯ ದಿನಗಳನ್ನು ಚಿತ್ರದುರ್ಗದ ಸೀಮೆಯ ನುಲೇನೂರಿನಲ್ಲಿ ಕಳೆದರೆಂದೂ ಪ್ರತೀತಿಯಿದೆ. ಎಲ್ಲಿ ನೆಲೆಸಿದರೂ ಅವರ ಹೆಸರಿನೊಡನೆ ಹಗ್ಗದ ಕಾಯಕವು ಅಳಿಯದೆ ಉಳಿದಿದೆ.

ಸತ್ಯವು ಒಂದು ನಾಡಿನ ಸೊತ್ತಲ್ಲ. ಕ್ರೈಸ್ತಮತದ ಆದ್ಯ ಪ್ರಚಾರಕರಲ್ಲಿ ಒಬ್ಬನಾದ ಸಂತ ಪೌಲನು ಕೊರಿಂಥ ನಗರದಲ್ಲಿ ಗುಡಾರ ಮಾಡುವ ಕಸುಬಿನಿಂದ ಜೀವಿಸುತ್ತ ಧರ್ಮವನ್ನು ಬೋಧಿಸಿದನು. ತನ್ನ ಕೈಗಳ ದುಡಿಮೆಯೇ ತನ್ನ ಮತ್ತು ಸಂಗಡಿಗರ ಅಗತ್ಯವನ್ನು ಪೂರೈಸಿತೆಂದೂ, ಹಾಗೆ ದುಡಿದು ದುರ್ಬಲರಿಗೆ ನೆರವಾಗಬೇಕೆಂದೂ ಅವನು ತಿಳಿಸಿದುದು ಬೈಬಲ್ಲಿನಲ್ಲಿದೆ. ಗುಡಾರ ಹೊಲಿದ ಕೈಗೂ ಹಗ್ಗ ಹೊಸೆದ ಕೈಗೂ ಸಾವಿರ ವರ್ಷಗಳ ಅಂತರವಿದ್ದರೂ ಭಾವದಲ್ಲಿ ಅವು ನೆರೆಯವೇ. ಆದರೆ ದೇವರನ್ನೂ ಕಾಯಕಕ್ಕೆ ಹಚ್ಚಿದ ಕೆಚ್ಚು ನಮ್ಮ ಶರಣರದು.

ಚನ್ನರಾಯನದುರ್ಗ, ಮಧುಗಿರಿ, ಸಿರಾ, ಪಾವಗಡಗಳ ಬೆಂಗಾಡು ಸೀಮೆಯಲ್ಲಿ ಮಳೆಯನ್ನು ನಂಬಿ ಬದುಕುವ ಒಕ್ಕಲಿಗೆ ಈ ಮಾತು ಹೊಸದಲ್ಲ. ಕಣದಲ್ಲಿ ರಾಶಿಯಾದಾಗ ಮೊದಲ ಮೊರದ ರಾಗಿಯನ್ನು ಧರ್ಮಕ್ಕೆಂದು ತೆಗೆದಿಡುವ ಹಿರಿಯರನ್ನು ಈ ನೆಲವು ಕಂಡಿದೆ. 1930ರಲ್ಲಿ ವಿರಕ್ತಾಶ್ರಮವನ್ನು ಸ್ವೀಕರಿಸಿ 2019ರಲ್ಲಿ ಲಿಂಗೈಕ್ಯರಾದ ಸಿದ್ಧಗಂಗೆಯ ಶ್ರೀ ಶಿವಕುಮಾರ ಮಹಾಸ್ವಾಮಿಗಳವರು ಸಾವಿರಾರು ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ಕೊಟ್ಟುದು ಇಂತಹ ರೈತರ ಬೆವರಿನ ಕಾಳುಗಳನ್ನು ಕೂಡಿಸಿಯೇ ಅಲ್ಲವೆ?

ಆದುದರಿಂದ ಗೃಹಸ್ಥನಾದವನು ಅಂಗಡಿಯಲ್ಲಿ ತಕ್ಕಡಿ ಹಿಡಿದಾಗಲೂ, ಹೊಲದಲ್ಲಿ ಆಳಿಗೆ ಕೂಲಿ ಎಣಿಸಿದಾಗಲೂ, ಕಚೇರಿಯಲ್ಲಿ ಕಾಗದಕ್ಕೆ ಸಹಿ ಹಾಕಿದಾಗಲೂ ಚಂದಯ್ಯನವರ ಹಗ್ಗವನ್ನು ನೆನೆಯಬೇಕು. ಸಲ್ಲುವ ಬೆಲೆಯನ್ನು ಪಡೆದು, ಪಡೆದುದರಲ್ಲಿ ಪರರಿಗೆ ಪಾಲಿಟ್ಟು, ಉಳಿದುದನ್ನು ಪ್ರಸಾದವೆಂದು ಉಣ್ಣುವ ಮನೆಯಲ್ಲಿ ಲಿಂಗಪೂಜೆಯು ದಿನವಿಡೀ ನಡೆದೇ ಇರುತ್ತದೆ.