ಗಾಂಧೀಜಿಯವರ ವ್ರತನಿಷ್ಠೆ

1934ರಲ್ಲಿ ಅಸ್ಪೃಶ್ಯತಾ ನಿವಾರಣೆಯ ಪ್ರವಾಸದ ನಿಮಿತ್ತ ಮಹಾತ್ಮಾ ಗಾಂಧೀಜಿಯವರು ಬಳ್ಳಾರಿ, ಸಂಡೂರು ಸೀಮೆಗೆ ಬಂದಾಗ ಅವರಿಗೆ 64 ವರ್ಷ ವಯಸ್ಸು. ದೊಡ್ಡ ಕೆರೆಯಿಂದ ಹೆಸರಾದ ದರೋಜಿಯ ಸುತ್ತಲಿನ ಈ ಪ್ರದೇಶ ಆಗ ಎರಡು ಆಡಳಿತಗಳಲ್ಲಿ ಹಂಚಿಹೋಗಿತ್ತು. ಬಳ್ಳಾರಿ, ಹೊಸಪೇಟೆ, ಕಂಪ್ಲಿಗಳು ಮದರಾಸು ಪ್ರಾಂತಕ್ಕೆ ಸೇರಿದ್ದವು. ಸಂಡೂರು ಘೋರ್ಪಡೆ ಮನೆತನದ ಸಂಸ್ಥಾನವಾಗಿತ್ತು. ಆ ಸಂಸ್ಥಾನದ ಬೆಟ್ಟದ ಮೇಲಿನ ಕುಮಾರಸ್ವಾಮಿ ದೇವಾಲಯದ ಬಾಗಿಲು 1932ರಲ್ಲಿಯೇ ಹರಿಜನರಿಗೆ ತೆರೆದಿತ್ತು. ತಿರುವಾಂಕೂರಿನ ಪ್ರಸಿದ್ಧ ದೇವಾಲಯ ಪ್ರವೇಶ ಘೋಷಣೆ ಹೊರಟದ್ದು ಅದಾದ ನಾಲ್ಕು ವರ್ಷಗಳ ಮೇಲೆ. ಯಾವ ಕಾರ್ಯಕ್ಕಾಗಿ ಗಾಂಧೀಜಿಯವರು ಊರೂರು ಸಂಚರಿಸುತ್ತಿದ್ದರೋ ಆ ಕಾರ್ಯಕ್ಕೆ ಇಲ್ಲಿ ಮೊದಲೇ ನಾಂದಿಯಾಗಿತ್ತು.

ಹಿಂದಿನ ವರ್ಷದ ಮೇ ತಿಂಗಳಿನಲ್ಲಿ ಅವರು ಆತ್ಮಶುದ್ಧಿಗಾಗಿ 21 ದಿನಗಳ ಉಪವಾಸವನ್ನು ಆಚರಿಸಿದ್ದರು. ಇಂಥ ತಪಸ್ಸಿನ ಬಲ ಅವರಿಗೆ ಒದಗಿದ್ದು ರಾಜಕಾರಣದಿಂದಲ್ಲ, ತಾಯಿಯ ಮಡಿಲಿನಿಂದ.

1869ರ ಅಕ್ಟೋಬರ್ 2ರಂದು ಪೋರಬಂದರಿನಲ್ಲಿ ಜನಿಸಿದ ಮೋಹನದಾಸರ ತಾಯಿ ಪುತಳೀಬಾಯಿಯವರು ವ್ರತಗಳಲ್ಲಿಯೇ ಬಾಳಿದ ಸಾಧ್ವಿ. ಒಂದು ಚಾತುರ್ಮಾಸದಲ್ಲಿ ಸೂರ್ಯದರ್ಶನವಾಗದೆ ಆಹಾರ ಸ್ವೀಕರಿಸುವುದಿಲ್ಲವೆಂದು ಆಕೆ ನಿಯಮ ಹಿಡಿದಿದ್ದರು. ಮಳೆಗಾಲದ ಮೋಡಗಳ ನಡುವೆ ಸೂರ್ಯ ಇಣುಕಿದೊಡನೆ ಮಕ್ಕಳು ಓಡಿ ಬಂದು ತಿಳಿಸುವರು. ತಾಯಿ ಹೊರಗೆ ಬರುವಷ್ಟರಲ್ಲಿ ಅವನು ಮರೆಯಾಗಿರುವನು. ಆಕೆ ಮುಖ ಬಾಡಿಸದೆ ಮನೆಗೆಲಸಕ್ಕೆ ಮರಳುವರು. ವ್ರತವೆಂದರೆ ಕಷ್ಟವನ್ನು ಪ್ರಸನ್ನತೆಯಿಂದ ಹೊರುವುದೆಂಬ ಪಾಠ ಬಾಲಕನಿಗೆ ಅಲ್ಲಿ ದೊರೆಯಿತು.

1888ರಲ್ಲಿ ಮೋಹನದಾಸರು ವಿದ್ಯಾಭ್ಯಾಸಕ್ಕಾಗಿ ವಿಲಾಯಿತಿಗೆ ಹೊರಟಾಗ ತಾಯಿ ಶಂಕಿಸಿದರು. ಆಗ ಮನೆತನಕ್ಕೆ ಹಿತಚಿಂತಕರಾಗಿದ್ದ ಬೇಚರಜೀ ಸ್ವಾಮಿ ಎಂಬ ಜೈನ ಸಾಧುಗಳು ಮಧ್ಯೆ ಬಂದು, ಮದ್ಯ, ಮಾಂಸ, ಪರಸ್ತ್ರೀಸಂಗಗಳನ್ನು ವರ್ಜಿಸುವ ಪ್ರತಿಜ್ಞೆಯನ್ನು ತರುಣನಿಂದ ಮಾಡಿಸಿದರು. ಲಂಡನ್ನಿನಲ್ಲಿ ಹಸಿವಿನಿಂದ ಬಳಲಿದ ದಿನಗಳಲ್ಲಿಯೂ, ಸ್ನೇಹಿತರು ಒತ್ತಾಯಿಸಿದಾಗಲೂ ಆ ಪ್ರತಿಜ್ಞೆಯೇ ಅವರನ್ನು ಕಾಯ್ದಿತು.

1891ರಲ್ಲಿ ಸ್ವದೇಶಕ್ಕೆ ಮರಳಿದ ಅವರಿಗೆ ಮುಂಬಯಿಯಲ್ಲಿ ಶ್ರೀಮದ್ ರಾಜಚಂದ್ರರ ಪರಿಚಯವಾಯಿತು. ರತ್ನವ್ಯಾಪಾರದ ನಡುವೆಯೂ ಆತ್ಮಚಿಂತನೆಯನ್ನು ಬಿಡದ ಆ ಜೈನ ಗೃಹಸ್ಥರು ಗಾಂಧೀಜಿಯವರಿಗಿಂತ ಎರಡೇ ವರ್ಷ ಹಿರಿಯರು. ದಕ್ಷಿಣ ಆಫ್ರಿಕದಲ್ಲಿ ಧರ್ಮವಿಷಯದ ಸಂಶಯಗಳು ಕಾಡಿದಾಗ ಗಾಂಧೀಜಿಯವರು 27 ಪ್ರಶ್ನೆಗಳನ್ನು ಅವರಿಗೇ ಬರೆದು ಕಳುಹಿಸಿ ಸಮಾಧಾನ ಪಡೆದರು. ರಾಜಚಂದ್ರರು 1901ರಲ್ಲಿ ಅಲ್ಪವಯಸ್ಸಿನಲ್ಲಿಯೇ ದೇಹತ್ಯಾಗ ಮಾಡಿದರು. ಐದು ವರ್ಷಗಳ ತರುವಾಯ ಗಾಂಧೀಜಿಯವರು ಆಜೀವ ಬ್ರಹ್ಮಚರ್ಯವ್ರತವನ್ನು ಸ್ವೀಕರಿಸಿದರು. ಮುಂದೆ ಅವರ ಆಶ್ರಮದ ಏಕಾದಶ ವ್ರತಗಳಲ್ಲಿ ಅಹಿಂಸೆ, ಸತ್ಯ, ಅಸ್ತೇಯ, ಬ್ರಹ್ಮಚರ್ಯ, ಅಪರಿಗ್ರಹಗಳೆಂಬ ಐದೂ ಸೇರಿದವು. ಅಸ್ವಾದ, ಅಂದರೆ ನಾಲಗೆಯ ಜಯವೂ ಸೇರಿತು.

ತಮ್ಮ ವ್ರತಗಳಲ್ಲಿ ಉಂಟಾದ ದೋಷಗಳನ್ನು ಅವರು ಮುಚ್ಚಿಡಲಿಲ್ಲ. 1912ರಲ್ಲಿ ಹಾಲನ್ನು ತ್ಯಜಿಸಿದ್ದ ಅವರು 1918ರ ಕಠಿಣ ಕಾಯಿಲೆಯಿಂದ ಮೂಳೆಚಕ್ಕಳವಾದರು. ಪ್ರತಿಜ್ಞೆಯ ಕಾಲದಲ್ಲಿ ಮನಸ್ಸಿನಲ್ಲಿದ್ದುದು ಹಸು, ಎಮ್ಮೆಗಳ ಹಾಲು ಮಾತ್ರವೆಂದು ಕಸ್ತೂರಬಾ ನೆನಪಿಸಲು, ಮೇಕೆಯ ಹಾಲನ್ನು ಸ್ವೀಕರಿಸಿ ಬದುಕಿದರು. ಆದರೆ ವ್ರತದ ಅಕ್ಷರ ಉಳಿಯಿತೇ ಹೊರತು ಪ್ರಾಣ ಉಳಿಯಲಿಲ್ಲವೆಂಬ ಕೊರಗನ್ನು ತಮ್ಮ ಆತ್ಮಕಥೆಯಲ್ಲಿ ತಾವೇ ಲೋಕದ ಮುಂದಿಟ್ಟರು.

ಅದೇ 1918ರಲ್ಲಿ ಇನ್ನೂ ಸೂಕ್ಷ್ಮವಾದ ಧರ್ಮಸಂಕಟ ಎದುರಾಗಿತ್ತು. ಅಹಮದಾಬಾದಿನ ಗಿರಣಿ ಕಾರ್ಮಿಕರು ನೂರಕ್ಕೆ 35ರಷ್ಟು ಕೂಲಿ ಹೆಚ್ಚಳ ಕೇಳಿ ಮುಷ್ಕರ ಹೂಡಿದ್ದರು. ಮಾಲಿಕರ ಮುಂದಾಳು ಅಂಬಾಲಾಲ ಸಾರಾಭಾಯಿ. ಕಾರ್ಮಿಕರ ಪಕ್ಷದಲ್ಲಿದ್ದವರು ಅವರ ಸೋದರಿ ಅನಸೂಯಾಬೆನ್. ಇಬ್ಬರೂ ಜೈನ ಕುಟುಂಬದವರು, ಇಬ್ಬರೂ ಗಾಂಧೀಜಿಯವರಿಗೆ ಆಪ್ತರು. ಕಾರ್ಮಿಕರು ತಮ್ಮ ಪ್ರತಿಜ್ಞೆಯಲ್ಲಿ ಸಡಿಲವಾಗುತ್ತಿರುವುದನ್ನು ಕಂಡು ಗಾಂಧೀಜಿಯವರು ಉಪವಾಸ ಆರಂಭಿಸಿದರು. ಮೂರೇ ದಿನಗಳಲ್ಲಿ ರಾಜಿಯಾಯಿತು. ಮಧ್ಯಸ್ಥರ ತೀರ್ಪು ಕಾರ್ಮಿಕರ ಕಡೆಗೇ ಬಂದಿತು. ಆದರೂ ಗಾಂಧೀಜಿಯವರಿಗೆ ತೃಪ್ತಿಯಾಗಲಿಲ್ಲ. ಕಾರ್ಮಿಕರನ್ನು ಎಚ್ಚರಿಸಲು ಕೈಕೊಂಡ ಉಪವಾಸ, ತಮ್ಮ ಮೇಲೆ ಪ್ರೀತಿಯಿಟ್ಟಿದ್ದ ಮಾಲಿಕರ ಮೇಲೆ ಬಲಾತ್ಕಾರವಾಯಿತೆಂದು ಅವರು ನೊಂದುಕೊಂಡರು.

ತನ್ನ ದೇಹವನ್ನು ದಂಡಿಸುವ ಉಪವಾಸ ಪರರ ಮನಸ್ಸನ್ನು ಹಿಂಡಿದರೆ ಅದರಲ್ಲಿ ಹಿಂಸೆಯ ಲೇಪವಿಲ್ಲವೇ? ಈ ಪ್ರಶ್ನೆ ಮುಂದಿನ ಮೂವತ್ತು ವರ್ಷ ಅವರನ್ನು ಬಿಡಲಿಲ್ಲ. 1924ರಲ್ಲಿ ಹಿಂದೂ ಮುಸಲ್ಮಾನರ ಐಕ್ಯಕ್ಕಾಗಿ ದೆಹಲಿಯಲ್ಲಿ 21 ದಿನ ಉಪವಾಸವಿದ್ದರು. ಅದಾದ ಮೂರನೆಯ ತಿಂಗಳಲ್ಲಿಯೇ ಬೆಳಗಾವಿಗೆ ಬಂದು ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದರು. 1932ರ ಸೆಪ್ಟೆಂಬರಿನಲ್ಲಿ ದಲಿತರ ಪ್ರತ್ಯೇಕ ಮತಕ್ಷೇತ್ರಗಳ ವಿರುದ್ಧ ಯೆರವಡಾ ಸೆರೆಮನೆಯಲ್ಲಿ ಆಮರಣ ಉಪವಾಸ ಹೂಡಿದಾಗ, ಡಾ. ಅಂಬೇಡ್ಕರರು ಅಪಾರ ಒತ್ತಡದ ನಡುವೆ ಒಪ್ಪಂದಕ್ಕೆ ಸಹಿ ಮಾಡಬೇಕಾಯಿತು. ಆ ಉಪವಾಸವನ್ನು ಅಂಬೇಡ್ಕರರು ಕೊನೆಯವರೆಗೂ ಆಕ್ಷೇಪಿಸಿದರು. ಗಾಂಧೀಜಿಯವರ ಉಪವಾಸಗಳನ್ನು ಸ್ಮರಿಸುವವರು ಈ ಆಕ್ಷೇಪವನ್ನೂ ಮರೆಯತಕ್ಕದ್ದಲ್ಲ.

ಸಂಡೂರಿಗೆ ಬಂದುಹೋದ ಕೆಲವೇ ತಿಂಗಳಲ್ಲಿ, ಅದೇ ಪ್ರವಾಸದ ಕಾಲದಲ್ಲಿ, ಅಜಮೇರಿನಲ್ಲಿ ಅವರನ್ನು ವಿರೋಧಿಸುತ್ತಿದ್ದ ಒಬ್ಬ ಸನಾತನಿಗೆ ಅವರ ಪಕ್ಷದವರಿಂದಲೇ ಪೆಟ್ಟು ಬಿತ್ತು. ಪ್ರವಾಸ ಮುಗಿದೊಡನೆ, 1934ರ ಆಗಸ್ಟ್ 7ರಿಂದ, ಗಾಂಧೀಜಿಯವರು ವಾರ್ಧಾದಲ್ಲಿ ಏಳು ದಿನ ಉಪವಾಸವಿದ್ದರು. ಎದುರಾಳಿಯಿಂದ ಏನನ್ನೂ ಬೇಡದೆ, ತನ್ನವರ ತಪ್ಪನ್ನು ತನ್ನ ಮೇಲೆ ಹೊತ್ತುಕೊಂಡ ಶುದ್ಧ ಪ್ರಾಯಶ್ಚಿತ್ತವದು.

1939ರಲ್ಲಿ ರಾಜಕೋಟೆಯ ಠಾಕೂರರು ಪ್ರಜೆಗಳಿಗೆ ಕೊಟ್ಟ ಮಾತಿಗೆ ತಪ್ಪಿದಾಗ ಅವರು ಮತ್ತೆ ಉಪವಾಸ ಹಿಡಿದರು. ನಾಲ್ಕು ದಿನಗಳಲ್ಲಿ ವೈಸರಾಯರು ಮಧ್ಯೆ ಪ್ರವೇಶಿಸಿದರು. ನ್ಯಾಯಾಧೀಶರ ನಿರ್ಣಯ ಗಾಂಧೀಜಿಯವರ ಪರವಾಗಿಯೇ ಹೊರಬಿತ್ತು. ಅವರಾದರೋ ಕೈಗೆ ಬಂದ ಆ ಜಯವನ್ನೇ ತ್ಯಜಿಸಿದರು. ಒಂದು ಕಡೆ ಉಪವಾಸ, ಇನ್ನೊಂದು ಕಡೆ ಅಧಿಕಾರಿಯ ಬಲದ ಆಶ್ರಯ: ಇದು ಅಹಿಂಸೆಯಲ್ಲವೆಂದು ಬಹಿರಂಗವಾಗಿ ಒಪ್ಪಿ, ಠಾಕೂರರ ಕ್ಷಮೆಯನ್ನೂ ಯಾಚಿಸಿದರು. ಉಪವಾಸ ಮಾಡಿದವರು ಬಹುಮಂದಿ. ಅದರ ಫಲವನ್ನು ದೋಷಯುಕ್ತವೆಂದು ಹಿಂದಿರುಗಿಸಿದವರು ವಿರಳ.

1948ರ ಜನವರಿ 13ರಂದು, 78ನೆಯ ವಯಸ್ಸಿನಲ್ಲಿ, ದೆಹಲಿಯ ಕೋಮುದ್ವೇಷದ ಬೆಂಕಿಯ ನಡುವೆ ಅವರು ಕೊನೆಯ ಉಪವಾಸಕ್ಕೆ ಕುಳಿತರು. 18ರಂದು ಸರ್ವಮತಗಳ ಮುಖಂಡರು ಶಾಂತಿಯ ಭರವಸೆ ಕೊಟ್ಟ ಮೇಲೆ ಪಾರಣೆ ಮಾಡಿದರು. ಹನ್ನೆರಡು ದಿನಗಳ ಬಳಿಕ, ಜನವರಿ 30ರ ಸಂಜೆ, ಪ್ರಾರ್ಥನೆಗೆ ನಡೆದು ಹೋಗುತ್ತಿದ್ದಾಗ ಹಂತಕನ ಗುಂಡಿಗೆ ಬಲಿಯಾದರು.

ವ್ರತವನ್ನು ಹಿಡಿಯುವುದಕ್ಕೆ ಧೈರ್ಯ ಬೇಕು. ಹಿಡಿದ ವ್ರತದಲ್ಲಿ ಕ್ರೋಧವಾಗಲಿ, ಮಾನವಾಗಲಿ, ಗೆಲ್ಲುವ ಆಸೆಯಾಗಲಿ ಸೇರಿದೆಯೇ ಎಂದು ದಿನದಿನವೂ ಪರೀಕ್ಷಿಸಿಕೊಳ್ಳುವುದಕ್ಕೆ ಅದಕ್ಕಿಂತ ಮಿಗಿಲಾದ ಧೈರ್ಯ ಬೇಕು. ಮನೆಯವರ ಮೇಲೆ ಮುನಿದು ಅನ್ನ ಬಿಡುವುದೂ, ಕಷಾಯಗಳನ್ನು ಬಿಡುವುದಕ್ಕಾಗಿ ಅನ್ನ ಬಿಡುವುದೂ ಹೊರನೋಟಕ್ಕೆ ಒಂದೇ. ಅವೆರಡರ ಅಂತರವನ್ನು ಕಂಡುಕೊಳ್ಳಲು ಶ್ರಾವಕ ಶ್ರಾವಿಕೆಯರಿಗೆ ಗಾಂಧೀಜಿಯವರ ಸಫಲ ಉಪವಾಸಗಳಷ್ಟೇ ಅವರು ತಪ್ಪೊಪ್ಪಿಕೊಂಡ ಉಪವಾಸಗಳೂ ನೆರವಾಗುತ್ತವೆ.