ಮಾಡ್ಸ್ಲೆ ಕಲಿಸಿದ ಹಿಡಿತ

ಕಳೆದ ಸೆಮಿಸ್ಟರ್‌ನಲ್ಲಿ ಲೇತ್ ಮೇಲೆ ಹಿತ್ತಾಳೆಯ ಪಿನ್ ಮಾಡುತ್ತಿದ್ದೆ. ವ್ಯಾಸ ಬರೀ 6 ಮಿ.ಮೀ. ಒಂದು ತುದಿ ಚೆನ್ನಾಗಿ ಬಂತು. ಬಿಚ್ಚಿ, ತಿರುಗಿಸಿ ಚಕ್‌ಗೆ ಹಾಕಿ ಇನ್ನೊಂದು ತುದಿ ಟರ್ನ್ ಮಾಡಿದರೆ ಎರಡೂ ಒಂದೇ ನೇರಕ್ಕೆ ಬರಲೊಲ್ಲವು. ಮೂರು ಪಿನ್ ಹಾಳಾದವು. ನನ್ನ ಕೈಗೆ ಮೆಕ್ಯಾನಿಕಲ್ ಆಗಿಬರಲ್ಲ, ಕೋಡಿಂಗ್ ಕೋರ್ಸ್ ಸೇರುತ್ತೇನೆ ಎಂದು ಅಪ್ಪನಿಗೆ ಫೋನ್ ಮಾಡಿಯೂ ಬಿಟ್ಟೆ. ಅದೇ ರಾತ್ರಿ ಹೆನ್ರಿ ಮಾಡ್ಸ್ಲೆ ಬಗ್ಗೆ ಓದಿದೆ.

1771ರಲ್ಲಿ ಲಂಡನ್ ಬಳಿಯ ವುಲ್ವಿಚ್‌ನಲ್ಲಿ ಹುಟ್ಟಿದ ಅವರು 12ನೇ ವಯಸ್ಸಿಗೇ ಅಲ್ಲಿನ ಶಸ್ತ್ರಾಗಾರದಲ್ಲಿ ತೋಟಾಗಳಿಗೆ ಮದ್ದು ತುಂಬುವ ಕೆಲಸಕ್ಕೆ ಸೇರಿದರು. ಆಮೇಲೆ ಮರಗೆಲಸ, ಕುಲುಮೆ. 18ಕ್ಕೆ ಬೀಗ ತಯಾರಿಸುವ ಜೋಸೆಫ್ ಬ್ರಾಮಾ ಅವರ ವರ್ಕ್‌ಶಾಪ್. ಆ ಬೀಗದ ಒಳಭಾಗಗಳು ತೀರಾ ಚಿಕ್ಕವು, ಅಳತೆ ಚೂರು ತಪ್ಪಿದರೂ ಬೀಗ ಕೆಲಸಕ್ಕೆ ಬಾರದು. ಅವುಗಳನ್ನು ಮಾಡಲು ಮಾಡ್ಸ್ಲೆ ಯಂತ್ರಗಳನ್ನೇ ಕಟ್ಟಿಕೊಟ್ಟರು. ಆದರೂ ವಾರಕ್ಕೆ 30 ಶಿಲ್ಲಿಂಗ್ ಸಂಬಳ ಸಾಲದು, ಹೆಚ್ಚಿಸಿ ಎಂದಾಗ ಬ್ರಾಮಾ ಒಪ್ಪಲಿಲ್ಲ. 1797ರಲ್ಲಿ ಕೆಲಸ ಬಿಟ್ಟು ಸ್ವಂತ ವರ್ಕ್‌ಶಾಪ್ ತೆರೆದರು.

ಆ ಕಾಲದಲ್ಲಿ ಲೇತ್ ಕೆಲಸಗಾರರು ಹೆಚ್ಚಾಗಿ ಟೂಲನ್ನು ಕೈಯಲ್ಲೇ ಒತ್ತಿ ಹಿಡಿಯುತ್ತಿದ್ದರು. ಕೈ ಅಲುಗಿದರೆ ಅಳತೆಯೂ ಹೋಯಿತು. ಸ್ಲೈಡ್ ರೆಸ್ಟ್ ಅವರಿಗಿಂತ ಮೊದಲೂ ಇತ್ತು. ಅದನ್ನು ಲೀಡ್ ಸ್ಕ್ರೂ, ಗೇರ್‌ಗಳ ಜೊತೆ ಗಟ್ಟಿಯಾದ ಲೋಹದ ಯಂತ್ರದಲ್ಲಿ ಕೂಡಿಸಿ, ಒಂದೇ ಅಳತೆಯ ಸ್ಕ್ರೂಗಳನ್ನು ಮತ್ತೆ ಮತ್ತೆ ತೆಗೆಯುವಂತೆ ಮಾಡಿದ್ದು ಮಾಡ್ಸ್ಲೆ. ಇಂಚಿನ 10,000ದ ಒಂದು ಭಾಗವನ್ನು ಅಳೆಯುವ ಮೈಕ್ರೋಮೀಟರನ್ನೂ ಮಾಡಿಕೊಂಡರು. ಅಳತೆಯ ವಾದಕ್ಕೆ ಅದರದೇ ಕೊನೆಯ ತೀರ್ಪು. ಹಾಗಾಗಿ ಅದರ ಹೆಸರು ಲಾರ್ಡ್ ಚಾನ್ಸಲರ್! ವಿಟ್ವರ್ತ್, ನೇಸ್ಮಿತ್‌ರಂಥ ಎಂಜಿನಿಯರ್‌ಗಳು ಅವರ ಬಳಿ ಪಳಗಿದರು. 1831ರಲ್ಲಿ ಮಾಡ್ಸ್ಲೆ ತೀರಿಕೊಂಡರು.

ಕೈ ನಡುಗುತ್ತದೆ ಎಂದು ಅವರು ಕೆಲಸ ಬಿಡಲಿಲ್ಲವಲ್ಲ, ಹಿಡಿಯುವ ರೀತಿಯನ್ನು ಬದಲಿಸಿದರು ಅನ್ನಿಸಿತು. ಮರುದಿನ ಲ್ಯಾಬ್ ಇನ್‌ಸ್ಟ್ರಕ್ಟರ್ ಸರ್‌ಗೆ ನನ್ನ ಪಿನ್ ತೋರಿಸಿದೆ. ಅವರು ಡಯಲ್ ಗೇಜ್ ತಾಗಿಸಿ ಚಕ್ ತಿರುಗಿಸಿದರು. ಮುಳ್ಳು ಓಲಾಡಿತು. ಚಕ್‌ನ ದವಡೆಗಳು ಸವೆದಿದ್ದವು! ಚಿಕ್ಕ ಕೆಲಸಕ್ಕೆ ಕಾಲೆಟ್ ಹಾಕಬೇಕು, ಅದು ಸುತ್ತಲೂ ಸಮನಾಗಿ ಅಪ್ಪಿ ಹಿಡಿಯುತ್ತದೆ ಎಂದರು. ಹಾಗೇ ಮಾಡಿದೆ. ನಾಲ್ಕನೇ ಪಿನ್ ಪಾಸಾಯಿತು.

ಸಂಜೆ ಅಪ್ಪನಿಗೆ ಮತ್ತೆ ಫೋನ್ ಮಾಡಿದೆ. ಕೋರ್ಸ್ ಫೀಸ್ ಕಟ್ಟುವುದು ಬೇಡ ಎಂದೆ.